ಗಾಯ ಮಾಯ್ದ ಕುದುರೆಯ ಬೆನ್ನಿಗೆ ಮನೆಮಂದಿ ಮರಳುವ ಬಗೆ

ನಮ್ಮ ಕುದುರೆಯ ಮುಂಗಾಲಿನ ಸ್ನಾಯುರಜ್ಜು (ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ನಾರಿನ ಹುರಿ) ಹರಿದು ಆರು ವಾರವಾಗಿತ್ತು. ಊತ ಇಳಿದಿತ್ತು, ಮುಟ್ಟಿದರೆ ಬಿಸಿಯಿರಲಿಲ್ಲ, ನಡಿಗೆಯಲ್ಲಿ ಕುಂಟು ಕಾಣುತ್ತಿರಲಿಲ್ಲ. ಲಾಯದ ಬಾಗಿಲ ಮೇಲಿಂದ ಕತ್ತು ಚಾಚಿ ಕೆನೆಯುತ್ತಿದ್ದ ಅದನ್ನು ಸವರುತ್ತ ಮಗಳು ಕೇಳಿದಳು: “ಅಮ್ಮಾ, ವಾಸಿಯಾಯ್ತಲ್ಲ, ಇವತ್ತು ಹತ್ತಲಾ?” ನನಗೂ ಹಾಗೇ ಅನ್ನಿಸಿತ್ತು. ಅದೇ ವಾರ ಪಶುವೈದ್ಯರು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದಾಗ ರಜ್ಜುವಿನ ನಡುವೆ ಹರಿದ ಜಾಗವನ್ನು ತೋರುವ ಕಪ್ಪು ಮಚ್ಚೆ ಇನ್ನೂ ಹಾಗೇ ಇತ್ತು. ಕಣ್ಣಿಗೆ ಕಂಡ ಕಾಲು ಒಂದು, ಒಳಗಿದ್ದ ಕಾಲು ಇನ್ನೊಂದು.

ಗಾಯಗೊಂಡ ಕುದುರೆಯನ್ನು ಮತ್ತೆ ಸವಾರಿಗೆ ತರುವಾಗ ಮನೆಮಂದಿ ಎಡವುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಕುದುರೆಯ ಉತ್ಸಾಹ ವಾರಗಳಲ್ಲಿ ಮರಳುತ್ತದೆ. ಮಾಂಸಖಂಡ, ಹೃದಯ ಕೂಡ ಕೆಲವೇ ವಾರಗಳ ಕೆಲಸಕ್ಕೆ ಹುರಿಗೊಳ್ಳುತ್ತವೆ. ರಜ್ಜು, ಎಲುಬು, ಕೀಲುಗಳು ಮಾತ್ರ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತವೆ. ಅಂದರೆ, ನಡುವೆ ಒಂದು ಕಾಲ ಬರುತ್ತದೆ: ಕುದುರೆ ಓಡಲು ಸಿದ್ಧ, ಸವಾರ ಹತ್ತಲು ಸಿದ್ಧ, ಕಾಲು ಮಾತ್ರ ಸಿದ್ಧವಿಲ್ಲ. ಇಡೀ ಚೇತರಿಕೆಯಲ್ಲಿ ಅತಿ ಅಪಾಯದ ಕಾಲ ಅದೇ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಆ ಕಾಲವನ್ನು ದಾಟುವುದಕ್ಕಾಗಿ.

ಯಾವ ಗಾಯ, ಎಷ್ಟು ಆಳ: ಮೊದಲು ಬರೆದಿಟ್ಟುಕೊಳ್ಳಿ

“ಕಾಲು ನೋವು” ಎಂಬುದು ರೋಗದ ಹೆಸರಲ್ಲ. ಗೊರಸಿನೊಳಗೆ ಕೀವು ಕಟ್ಟಿದ್ದರೆ ಕುದುರೆ ಕಾಲೂರಲಾರದಷ್ಟು ಕುಂಟಬಹುದು. ಕೀವು ಹೊರಹೋದ ಮೇಲೆ ಕೆಲವೇ ದಿನಗಳಲ್ಲಿ ಸರಿಹೋಗಲೂಬಹುದು. ಅದೇ ರಜ್ಜು ಹರಿದ ಕುದುರೆ ಅಷ್ಟಾಗಿ ಕುಂಟದೆಯೂ ವರ್ಷದ ಕೆಲಸ ಹೇಳಬಹುದು. ಹಾಗಾಗಿ ಕುಂಟಿನ ಪ್ರಮಾಣ ನೋಡಿ ಗಾಯದ ಪ್ರಮಾಣ ಅಳೆಯಬೇಡಿ.

ರಜ್ಜು ಇಷ್ಟು ನಿಧಾನವೇಕೆ ಎಂದು ಮಕ್ಕಳು ಕೇಳುತ್ತಾರೆ. ಕುದುರೆಯ ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ ಎನ್ನಬಹುದು. ಎಲುಬು, ರಜ್ಜು, ಚರ್ಮ, ಅಷ್ಟೇ. ರಜ್ಜುವಿಗೆ ರಕ್ತದ ಹರಿವು ಕಡಿಮೆ, ಆದ್ದರಿಂದ ರಿಪೇರಿಯೂ ನಿಧಾನ. ಮೊದಲ ಒಂದೆರಡು ವಾರ ಉರಿಯೂತ. ಆಮೇಲಿನ ವಾರಗಳಲ್ಲಿ ದೇಹ ಅವಸರದಲ್ಲಿ ಹೊಸ ನಾರು ನೇಯುತ್ತದೆ. ಆ ನಾರು ದುರ್ಬಲ, ದಿಕ್ಕು ದೆಸೆಯಿಲ್ಲದೆ ಸಿಕ್ಕುಸಿಕ್ಕಾಗಿರುತ್ತದೆ. ಅದು ಸಾಲಾಗಿ, ಎಳೆತದ ದಿಕ್ಕಿಗೆ ಜೋಡಿಸಿಕೊಂಡು ಗಟ್ಟಿಯಾಗುವುದಕ್ಕೆ ತಿಂಗಳುಗಳು ಬೇಕು. ದೊಡ್ಡ ಗಾಯದಲ್ಲಿ ಒಂದು ವರ್ಷ, ಅದಕ್ಕೂ ಹೆಚ್ಚು. ಎಲುಬು ಮುರಿದರೆ ಎಲುಬಾಗಿಯೇ ಕೂಡಿಕೊಳ್ಳುತ್ತದೆ. ರಜ್ಜು ಹರಿದರೆ ಕಲೆಯ ಅಂಗಾಂಶ ಅದನ್ನು ತುಂಬುತ್ತದೆ. ಅದಕ್ಕೆ ಮೊದಲಿನ ಹಿಗ್ಗುವ ಗುಣ ಪೂರ್ತಿ ಮರಳುವುದಿಲ್ಲ. ರಜ್ಜುವಿನ ಗಾಯ ಮರುಕಳಿಸುವುದಕ್ಕೆ ಇದೇ ದೊಡ್ಡ ಕಾರಣ.

ಪಶುವೈದ್ಯರ ಮುಂದೆ ಕೂತಾಗ ಕೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಾಯ ಯಾವ ಭಾಗದ್ದು? ಮುಂದಿನ ಸ್ಕ್ಯಾನ್ ಅಥವಾ ಎಕ್ಸ್‌ರೇ ಯಾವಾಗ? ಯಾವ ಲಕ್ಷಣ ಕಂಡರೆ ಅದೇ ದಿನ ಫೋನ್ ಮಾಡಬೇಕು? ನೋವಿನ ಔಷಧ ಎಂದಿಗೆ ನಿಲ್ಲಿಸಬೇಕು? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಫಿನೈಲ್‌ಬ್ಯುಟಜೋನ್‌ನಂಥ ಔಷಧ ಹೊಟ್ಟೆಯಲ್ಲಿರುವಷ್ಟು ಕಾಲ ಕುದುರೆ ಚೆನ್ನಾಗಿ ನಡೆಯುವುದು ಔಷಧದ ಬಲದಿಂದಲೋ ಕಾಲಿನ ಬಲದಿಂದಲೋ ನಿಮಗೆ ತಿಳಿಯುವುದಿಲ್ಲ.

ವೈದ್ಯರು ಹೇಳಿದ ಯೋಜನೆಯನ್ನು ವಾರವಾರಕ್ಕೆ ವಿಂಗಡಿಸಿ ಕಾಗದದ ಮೇಲೆ ಬರೆಸಿಕೊಳ್ಳಿ. ಅದನ್ನು ಲಾಯದ ಗೋಡೆಗೆ ಅಂಟಿಸಿ. ಜೊತೆಗೆ, ಇವತ್ತು ಏನು ಮಾಡಬಹುದು ಎಂಬ ಕೊನೆಯ ಮಾತು ಯಾರದೆಂದು ಮನೆಯಲ್ಲಿ ಮೊದಲೇ ಗೊತ್ತುಮಾಡಿ. ನಾಲ್ಕು ಜನ ನಾಲ್ಕು ಅಂದಾಜು ಹಾಕುವ ಮನೆಯಲ್ಲಿ ಕುದುರೆಗೆ ದಿನಕ್ಕೆ ನಾಲ್ಕು ಸಲ “ಬರೀ ಐದು ನಿಮಿಷ” ಕೆಲಸ ಬೀಳುತ್ತದೆ.

ಲಾಯದಲ್ಲೇ ಉಳಿದ ದಿನಗಳು

ದಿನವಿಡೀ ಅಡ್ಡಾಡುತ್ತ ಮೇಯುವ ಪ್ರಾಣಿಯನ್ನು ನಾಲ್ಕು ಗೋಡೆಗಳ ನಡುವೆ ನಿಲ್ಲಿಸುತ್ತಿದ್ದೇವೆ ಎಂಬುದು ನೆನಪಿರಲಿ. ಕೆಲಸ ನಿಂತ ದಿನವೇ ದಾಣಿ ಇಳಿಸಬೇಕು. ಕೆಲಸವಿಲ್ಲದೆ ದಾಣಿ ತಿಂದ ಕುದುರೆಗೆ ಕೊಬ್ಬು ಏರುತ್ತದೆ, ಕೈಗೆ ಸಿಗದಷ್ಟು ಪುಟಿಯುತ್ತದೆ, ಗೊರಸಿನ ಒಳಪದರಕ್ಕೆ ಉರಿಯೂತ ಬರುವ ಭಯವೂ ಇದೆ. ಒಣಹುಲ್ಲನ್ನು ಮಾತ್ರ ಕಡಿಮೆ ಮಾಡಬೇಡಿ. ದಿನಕ್ಕೆ ಮೈತೂಕದ ಶೇ 1.5ರಿಂದ 2ರಷ್ಟು, ಅಂದರೆ 450 ಕಿಲೋ ಕುದುರೆಗೆ ಸುಮಾರು 7ರಿಂದ 9 ಕಿಲೋ ಹುಲ್ಲು ಬೇಕು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲಿರುಳೂ ಸುರಿಯುತ್ತಿರುತ್ತದೆ. ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಸಣ್ಣ ಕಣ್ಣಿನ ಬಲೆಯಲ್ಲಿ ಹುಲ್ಲು ತುಂಬಿ ತೂಗುಹಾಕಿದರೆ ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬರುತ್ತದೆ.

ಓಡಾಟವಿಲ್ಲದ ಕುದುರೆಯ ಕರುಳೂ ಮಂದವಾಗುತ್ತದೆ. ಲದ್ದಿ ಎಷ್ಟು ಸಲ ಬಿತ್ತು, ಗಟ್ಟಿಯೋ ಮೆದುವೋ, ಬಕೆಟ್ಟಿನ ನೀರು ಎಷ್ಟು ಇಳಿಯಿತು: ಈ ಲೆಕ್ಕ ಮಕ್ಕಳಿಗೆ ಕೊಡಿ. ಅವರು ದೊಡ್ಡವರಿಗಿಂತ ನಿಷ್ಠೆಯಿಂದ ಎಣಿಸುತ್ತಾರೆ. ಲದ್ದಿ ನಿಂತು, ಕುದುರೆ ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡಿದರೆ, ನೆಲ ಕೆರೆದರೆ, ಹೊರಳಿದರೆ, ಅದು ಹೊಟ್ಟೆಶೂಲೆ; ತಕ್ಷಣ ವೈದ್ಯರನ್ನು ಕರೆಯಿರಿ.

ಗಾಯವಾಗದ ಕಾಲನ್ನು ಮರೆಯುವವರೇ ಹೆಚ್ಚು. ಒಂದು ಕಾಲಿನ ಭಾರವನ್ನು ವಾರಗಟ್ಟಲೆ ಎದುರಿನ ಕಾಲು ಹೊತ್ತರೆ ಆ ಗೊರಸಿನ ಒಳಪದರಕ್ಕೆ ರಕ್ತ ಸರಿಯಾಗಿ ಸಿಗದೆ ಅದೂ ಕೆಡಬಹುದು. ಎದುರಿನ ಗೊರಸು ಬಿಸಿಯಾಗಿದ್ದರೆ, ಇಲ್ಲಿಯ ತನಕ ಸುಮ್ಮನೆ ಭಾರ ಹೊತ್ತಿದ್ದ ಆ ಕಾಲನ್ನು ಕುದುರೆ ಪದೇ ಪದೇ ಎತ್ತಿ ಇಡಲು ಶುರುಮಾಡಿದರೆ ಅದೂ ಅದೇ ದಿನದ ಫೋನ್ ಕರೆ. ನೆಲದ ಮೇಲೆ ದಪ್ಪ ಹಾಸು ಹಾಕಿ.

ಬೇಸರಕ್ಕೆ ಮದ್ದು ಜೊತೆ. ಇನ್ನೊಂದು ಕುದುರೆ ಕಣ್ಣಿಗೆ ಬೀಳುವ ಜಾಗದಲ್ಲಿ ಲಾಯವಿದ್ದರೆ ಒಳ್ಳೆಯದು. ಮನೆಯವರು ಬಂದು ಮೈ ಉಜ್ಜಿ, ಕೇಸರ ಬಿಡಿಸಿ, ಸುಮ್ಮನೆ ಪಕ್ಕ ನಿಂತು ಓದಿಕೊಂಡರೂ ಸಾಕು. ವೈದ್ಯರು ಒಪ್ಪಿದರೆ ಕ್ಯಾರೆಟ್ ತೋರಿಸಿ ಕತ್ತು ಹಿಗ್ಗಿಸುವ ವ್ಯಾಯಾಮ ಮಾಡಿಸಬಹುದು: ಗದ್ದ ಎದೆಗೆ, ಗದ್ದ ಮುಂಗಾಲುಗಳ ನಡುವೆ, ಗದ್ದ ಪಕ್ಕೆಗೆ. ಪ್ರತಿ ಭಂಗಿಯಲ್ಲೂ ಕೆಲವು ಸೆಕೆಂಡು ನಿಲ್ಲಿಸಿ. ಬೆನ್ನುಮೂಳೆಗೆ ಆನಿಕೊಂಡಿರುವ ಸಣ್ಣ ಆಳದ ಸ್ನಾಯುಗಳು ಇದರಿಂದ ಬಲಗೊಳ್ಳುತ್ತವೆ. ಮುಂದೆ ಸವಾರನ ಭಾರ ಹೊರುವಾಗ ಬೇಕಾಗುವುದು ಅವೇ. ನಮ್ಮ ಮನೆಯಲ್ಲಿ ಸವಾರಿ ಇಲ್ಲದ ಕಾಲದಲ್ಲಿ ಮಕ್ಕಳಿಗೂ ಕುದುರೆಗೂ ನಂಟು ಗಟ್ಟಿಯಾದದ್ದು ಈ ಕ್ಯಾರೆಟ್ಟಿನಿಂದಲೇ.

ಕೈಯಿಂದ ಕಾಲು ಓದುವುದು

ಇದೊಂದನ್ನು ಮನೆಯ ಪ್ರತಿಯೊಬ್ಬರೂ ಕಲಿಯಲಿ ಎಂಬುದು ನನ್ನ ಆಸೆ. ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ ಕೆಲಸಕ್ಕೆ ಮೊದಲು, ನಾಲ್ಕೂ ಕಾಲನ್ನು ಮುಟ್ಟಿ ನೋಡಿ. ಪಕ್ಕದಲ್ಲಿ ನಿಂತು ಭುಜದಿಂದ ಕೈ ಇಳಿಸುತ್ತ ಬನ್ನಿ; ಕಾಲ ಬಳಿ ಮಂಡಿಯೂರಬೇಡಿ, ಕುಕ್ಕರಗಾಲಲ್ಲಿರಿ, ಎದ್ದು ಸರಿಯಲು ಸಾಧ್ಯವಾಗಬೇಕು. ಮಂಡಿಯ ಹಿಂದಿನಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ಬೆರಳು ಜಾರಿಸಿದರೆ ರಜ್ಜುಗಳು ಬಿಗಿದ ಹಗ್ಗದಂತೆ ಸಿಗುತ್ತವೆ. ಕಾಲನ್ನು ಎತ್ತಿ ಹಿಡಿದು ಅವನ್ನು ಮೆಲ್ಲಗೆ ಹಿಸುಕಿ ನೋಡಿ. ಬಿಸಿ ಇದೆಯೇ, ಉಬ್ಬಿದೆಯೇ, ಹಿಸುಕಿದರೆ ಕಾಲು ಎಳೆದುಕೊಳ್ಳುತ್ತದೆಯೇ? ಒಂದು ಕಾಲಿನ ಬಿಸಿ ಗೊತ್ತಾಗುವುದು ಇನ್ನೊಂದನ್ನು ಮುಟ್ಟಿದಾಗ ಮಾತ್ರ, ಆದ್ದರಿಂದ ಯಾವತ್ತೂ ಜೋಡಿಯಾಗಿ ಹೋಲಿಸಿ. ಗೆಣ್ಣಿನ ಹಿಂಬದಿಯ ಎರಡೂ ಪಕ್ಕದಲ್ಲಿ ನಾಡಿ ಹುಡುಕಿ. ಸಾಮಾನ್ಯವಾಗಿ ಅದು ಸಿಕ್ಕೂ ಸಿಗದಷ್ಟು ಸಣ್ಣಗಿರುತ್ತದೆ. ಬೆರಳಿಗೆ ಬಡಿಯುವಷ್ಟು ಜೋರಾಗಿದ್ದರೆ ಗೊರಸಿನೊಳಗೆ ಏನೋ ನಡೆದಿದೆ.

ಆಮೇಲೆ ಗಟ್ಟಿ ಸಮತಲದ ಮೇಲೆ ನೇರವಾಗಿ ನಡೆಸಿ ನೋಡಿ. ಮುಂಗಾಲು ನೋಯುವ ಕುದುರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ಇಳಿಸುತ್ತದೆ. ಹಿಂಗಾಲಿನ ನೋವಾದರೆ ಹಿಂದಿನಿಂದ ನೋಡಿ, ಒಂದು ಬದಿಯ ಸೊಂಟ ಹೆಚ್ಚು ಏರಿಳಿಯುತ್ತದೆ. ಹೆಜ್ಜೆಯ ಸಪ್ಪಳವನ್ನೂ ಕೇಳಿ: ನಾಲ್ಕು ಸಮ ಬಡಿತಗಳಲ್ಲಿ ಒಂದು ಮೆತ್ತಗಿದ್ದರೆ ಅದೇ ಅಳುಕುವ ಕಾಲು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ದೂರದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ. ನಿತ್ಯ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣದು. ಆರು ವಾರದ ಹಿಂದಿನ ವಿಡಿಯೋ ಕಾಣಿಸುತ್ತದೆ.

ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಮೈಶಾಖ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ನಿಮ್ಮ ಕುದುರೆಯ ಎಂದಿನ ಅಂಕಿಗಳನ್ನು ನೆಟ್ಟಗಿರುವ ದಿನಗಳಲ್ಲೇ ಬರೆದಿಡಿ. ದಿನಾಂಕ, ಕಾಲಿನ ಸ್ಥಿತಿ, ಮಾಡಿದ ಕೆಲಸದ ನಿಮಿಷ, ನೆಲ ಹೇಗಿತ್ತು, ಕುದುರೆಯ ಮನಸ್ಸು ಹೇಗಿತ್ತು ಎಂದು ಪ್ರತಿದಿನ ಒಂದೇ ಸಾಲು ಸಾಕು. ಸ್ಕ್ಯಾನ್ ದಿನ ವೈದ್ಯರ ಮುಂದೆ ಆ ಪುಸ್ತಕ ಬಿಚ್ಚಿಟ್ಟರೆ ನಿಮ್ಮ ನೂರು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಕೈಯಲ್ಲಿ ಹಿಡಿದು ನಡೆಸುವುದು

ವೈದ್ಯರ ಅಪ್ಪಣೆ ಸಿಕ್ಕ ದಿನ ಜೀನು ಹಾಕುವುದಲ್ಲ, ಹಗ್ಗ ಹಿಡಿದು ನಡೆಸುವುದು. ರಜ್ಜುವಿನ ಗಾಯದಲ್ಲಿ ಹೆಚ್ಚಾಗಿ 5ರಿಂದ 10 ನಿಮಿಷ, ದಿನಕ್ಕೆ ಒಂದೆರಡು ಸಲ ಎಂದು ಶುರುವಾಗಿ, ವಾರಕ್ಕೆ ಸುಮಾರು 5 ನಿಮಿಷದಂತೆ ಏರುತ್ತದೆ. ನಿಮ್ಮ ಕುದುರೆಯ ಅಂಕಿ ನಿಮ್ಮ ವೈದ್ಯರು ಬರೆದುಕೊಟ್ಟದ್ದೇ. ಇಲ್ಲಿರುವುದು ಅಂದಾಜು ತಿಳಿಯಲಿ ಎಂದಷ್ಟೇ. ಈ ನಡಿಗೆ ಹೊತ್ತು ಕಳೆಯುವ ಕೆಲಸವಲ್ಲ. ಸಿಕ್ಕುಸಿಕ್ಕಾಗಿ ಬೆಳೆದ ನಾರು ಸಾಲಾಗಿ ನಿಲ್ಲುವುದಕ್ಕೆ ಹದವಾದ ಎಳೆತ ಬೇಕು. ಆ ಹದದ ಎಳೆತವೇ ಈ ನಡಿಗೆ.

ಅಪಾಯ ಇರುವುದು ಕುದುರೆಯ ಹುಮ್ಮಸ್ಸಿನಲ್ಲಿ. ವಾರಗಳ ನಂತರ ಬಾಗಿಲು ದಾಟಿದ ಕುದುರೆ ಎರಡು ಕಾಲ ಮೇಲೆ ನಿಂತು ಕುಣಿಯಬಹುದು. ಒಂದೇ ಜಿಗಿತಕ್ಕೆ ತಿಂಗಳ ಮಾಯುವಿಕೆ ಮಣ್ಣಾಗಬಹುದು. ಹೆಲ್ಮೆಟ್, ಕೈಗವಸು, ಗಟ್ಟಿ ಬೂಟು ಹಾಕಿಯೇ ಹಿಡಿಯಿರಿ. ಬರೀ ಮುಖಪಟ್ಟಿ ಸಾಲದು, ಕಡಿವಾಣ ಹಾಕಿ ಉದ್ದನೆಯ ಹಗ್ಗ ತೊಡಿಸಿ, ಅದನ್ನು ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ. ಭುಜದ ಪಕ್ಕ ನಡೆಯಿರಿ, ಮುಂದೆ ನಡೆಯಬೇಡಿ. ಗಾಳಿ ಬೀಸುವ ಹೊತ್ತು, ಉಳಿದ ಕುದುರೆಗಳು ಓಡಾಡುವ ಹೊತ್ತು ಬೇಡ. ಹುಲ್ಲು ತಿಂದು ತಣ್ಣಗಿರುವ ಹೊತ್ತು ಆರಿಸಿ. ಸಾಧು ಸ್ವಭಾವದ ಹಳೆಯ ಕುದುರೆಯೊಂದು ಜೊತೆಗಿದ್ದರೆ ಅರ್ಧ ಭಾರ ಇಳಿದಂತೆ. ಇಷ್ಟಾದರೂ ಹಿಡಿತಕ್ಕೆ ಸಿಗದಿದ್ದರೆ ಸಂಕೋಚಪಡದೆ ವೈದ್ಯರನ್ನು ಕೇಳಿ, ಮೊದಲ ದಿನಗಳಿಗೆ ಸಣ್ಣ ಪ್ರಮಾಣದ ಮಂಪರು ಔಷಧ ಬರೆದುಕೊಡುತ್ತಾರೆ. ಈ ಹಂತದಲ್ಲಿ ಹಗ್ಗ ದೊಡ್ಡವರ ಕೈಯಲ್ಲೇ ಇರಲಿ. ಮಕ್ಕಳು ಗಡಿಯಾರ ಹಿಡಿದು ನಿಮಿಷ ಕೂಗಲಿ.

ನೆಲ ನೋಡಿ. ಕಾಲು ಹೂತುಹೋಗುವ ಮರಳು ರಜ್ಜುವನ್ನು ಎಳೆಯುತ್ತದೆ, ಕಲ್ಲಿನಂಥ ನೆಲ ಎಲುಬು ಕೀಲುಗಳನ್ನು ಕುಲುಕುತ್ತದೆ. ಗಟ್ಟಿಯಾದ, ಸಮನಾದ, ಜಾರದ ದಾರಿ ನಡಿಗೆಗೆ ಒಳ್ಳೆಯದು. ತಿರುವು ಅಗಲವಾಗಿರಲಿ. ಹಗ್ಗ ಕಟ್ಟಿ ವೃತ್ತದಲ್ಲಿ ಓಡಿಸುವುದು ಈಗ ಬೇಡವೇ ಬೇಡ. ಸುತ್ತುವಾಗ ಒಳಗಾಲಿಗೆ ಬೀಳುವ ತಿರುಚು ನೇರ ದಾರಿಯಲ್ಲಿಲ್ಲ. “ಸ್ವಲ್ಪ ಹುಮ್ಮಸ್ಸು ಇಳಿಸಿ ಆಮೇಲೆ ಹತ್ತೋಣ” ಎಂದು ಸುತ್ತಿಸಿ ಕೆಡಿಸಿಕೊಂಡವರಿದ್ದಾರೆ.

ಬಯಲಿಗೆ ಬಿಡುವುದೂ ಕೆಲಸವೇ. ಬಿಟ್ಟ ಕುದುರೆ ಯಾವ ವೇಗದಲ್ಲಿ ಓಡುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಮೊದಲು ಲಾಯಕ್ಕಿಂತ ಕೊಂಚ ದೊಡ್ಡದಾದ ಬೇಲಿಯ ಆವರಣ, ಆಮೇಲೆ ಹಂತಹಂತವಾಗಿ ಅಗಲ.

ಲಾಳ ಮತ್ತು ಜೀನು

ಲಾಳ ಕಟ್ಟುವವರನ್ನು ಚೇತರಿಕೆಯ ಶುರುವಿನಲ್ಲೇ ವೈದ್ಯರ ಜೊತೆ ಮಾತಾಡಿಸಿ. ಗೊರಸಿನ ಮುಂತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಿದರೆ ಕಾಲಿನ ಹಿಂಭಾಗದ ಎಳೆತ ಹೆಚ್ಚುತ್ತದೆ. ಸವಾರಿ ಇಲ್ಲವೆಂದು ಗೊರಸು ಬೆಳೆಯುವುದು ನಿಲ್ಲುವುದಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಿ.

ಹಳೆಯ ಜೀನು ಈಗ ಒಪ್ಪುತ್ತದೆ ಎಂದುಕೊಳ್ಳಬೇಡಿ. ತಿಂಗಳ ವಿಶ್ರಾಂತಿಯಲ್ಲಿ ಬೆನ್ನಿನ ಮಾಂಸ ಕರಗಿರುತ್ತದೆ, ಬೆನ್ನೆಲುಬಿನ ಎರಡೂ ಬದಿ ಗುಳಿ ಬಿದ್ದಿರುತ್ತದೆ, ಹೊಟ್ಟೆ ಮಾತ್ರ ದಪ್ಪವಾಗಿರುತ್ತದೆ. ಜೀನಿನ ಕಮಾನು ಭುಜದ ಏರಿನ ಮೇಲೆ ಕೂರಬಾರದು, ಬೆನ್ನೆಲುಬಿನ ಉದ್ದಕ್ಕೂ ಗಾಳಿಯಾಡುವ ಸಂದಿ ಇರಬೇಕು. ಮೈ ಮತ್ತೆ ತುಂಬಿದಂತೆ ಇನ್ನೂ ಎರಡು ಮೂರು ಸಲ ಇದನ್ನು ನೋಡಬೇಕಾಗುತ್ತದೆ.

ಮೊದಲು ಹತ್ತುವವರು ಯಾರು?

ಮನೆಯಲ್ಲಿ ಜಗಳ ಹುಟ್ಟುವುದು ಇಲ್ಲಿ. ಹಗುರ ಇರುವವರೇ ಮೊದಲು ಹತ್ತಲಿ ಎಂದು ಸಣ್ಣ ಮಗುವನ್ನು ಕೂರಿಸುವುದು ದೊಡ್ಡ ತಪ್ಪು. ತೂಕ ಮುಖ್ಯ, ನಿಜ: ಸವಾರ, ಜೀನು, ಉಳಿದ ಸಾಮಾನು ಎಲ್ಲ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಚೇತರಿಸಿಕೊಳ್ಳುತ್ತಿರುವ, ಮೈ ಇಳಿದ ಕುದುರೆಗೆ ಅದಕ್ಕೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. 450 ಕಿಲೋ ಕುದುರೆಗೆ ಶೇ 20 ಎಂದರೆ 90 ಕಿಲೋ, ಶೇ 15 ಎಂದರೆ 67 ಕಿಲೋ ಚಿಲ್ಲರೆ. ಆದರೆ ತೂಕಕ್ಕಿಂತ ಸಮತೋಲ ದೊಡ್ಡದು. ಕುದುರೆ ಬೆದರಿ ಪಕ್ಕಕ್ಕೆ ಹಾರಿದರೂ ಅಲುಗದೆ ಕೂರಬಲ್ಲ, ಲಗಾಮಿಗೆ ಜೋತುಬೀಳದ, ಕುದುರೆ ಒಂದು ಹೆಜ್ಜೆ ತಪ್ಪಿದರೂ ಅದು ಮೈಗೆ ಗೊತ್ತಾಗುವ ಸವಾರ ಮೊದಲು ಹತ್ತಬೇಕು. ಅಂಥವರು ಮನೆಯಲ್ಲಿ ಇಲ್ಲದಿದ್ದರೆ ಹೊರಗಿನ ಅನುಭವಿಯೊಬ್ಬರನ್ನು ಮೊದಲ ವಾರಗಳಿಗೆ ಕರೆಸಿಕೊಳ್ಳಿ. ಅದರಲ್ಲಿ ಅವಮಾನವಿಲ್ಲ.

ನಮ್ಮಲ್ಲಿ ಆ ಸರದಿ ನನ್ನ ತಂಗಿಗೆ ಹೋಯಿತು. ಮಗಳು ಎರಡು ದಿನ ಮಾತು ಬಿಟ್ಟಳು. ಅವಳಿಗೆ ಒಂದು ಜವಾಬ್ದಾರಿ ಕೊಟ್ಟ ಮೇಲೆ ಕೋಪ ಇಳಿಯಿತು: ಚಿಕ್ಕಮ್ಮ ಸವಾರಿ ಮಾಡುವಾಗ ಕೆಳಗೆ ನಿಂತು ಹೆಜ್ಜೆ ನೋಡುವುದು, ತಲೆ ಅಲುಗಿದ ಕೂಡಲೇ “ನಿಲ್ಲಿ” ಎಂದು ಕೂಗುವುದು. ಅವಳು ಕೂಗಿದರೆ ಯಾರೇ ಮೇಲಿದ್ದರೂ ನಿಲ್ಲಿಸಲೇಬೇಕು ಎಂದು ನಿಯಮ ಮಾಡಿದೆವು. ಮಗುವಿನ ಕೈಗೆ ಕೊಟ್ಟ ಆ ಅಧಿಕಾರವನ್ನು ಒಮ್ಮೆಯೂ ಮುರಿಯಬೇಡಿ. ಮುರಿದರೆ ಎರಡನೇ ಸಲ ಮಗು ಕೂಗುವುದಿಲ್ಲ.

ಬೆನ್ನ ಮೇಲಿನ ನಡಿಗೆ, ಆಮೇಲೆ ಟ್ರಾಟ್

ಕೈಯಲ್ಲಿ 30–40 ನಿಮಿಷ ನಿರಾಯಾಸ ನಡೆಯುವಂತಾಗಿ, ಸ್ಕ್ಯಾನ್ ಒಪ್ಪಿದ ಮೇಲೆ ಸವಾರನ ಕಾಲ. ಹತ್ತುವಾಗ ನೆಲದಿಂದ ರಿಕಾಪಿಗೆ (ಜೀನಿನಿಂದ ತೂಗುವ ಪಾದದ ಕೊಂಡಿಗೆ) ಜೋತುಬೀಳಬೇಡಿ. ಮೆಟ್ಟಿಲಿಟ್ಟು ಹತ್ತಿ, ಅರಳೆಯಂತೆ ಹಗುರಾಗಿ ಕೂರಿ. ಸವಾರನ ಭಾರ ಹೊಸದು, ಆದ್ದರಿಂದ ಮೊದಲ ದಿನ ನಿಮಿಷ ಇಳಿಸಿ. 15–20 ನಿಮಿಷದ ನಡಿಗೆ ಸಾಕು. ಅಲ್ಲಿಂದ ಮತ್ತೆ ವಾರವಾರಕ್ಕೆ ಏರಿಸಿ. ನಡಿಗೆ ಎಂದರೆ ಎಳೆದಾಡುವ ನಡಿಗೆಯಲ್ಲ: ಹಿಂಗಾಲು ಮುಂಗಾಲಿನ ಗುರುತನ್ನು ಮೀರಿ ಬೀಳುವ, ಬೆನ್ನು ತೂಗುವ, ಗುರಿಯುಳ್ಳ ನಡಿಗೆ.

ಟ್ರಾಟ್, ಅಂದರೆ ನಡಿಗೆಗಿಂತ ವೇಗದ ಕುಲುಕೋಟ, ಯಾವಾಗ? ಸಾಧಾರಣ ಗಾತ್ರದ ರಜ್ಜು ಗಾಯದಲ್ಲಿ ಅದು ಮೂರು ತಿಂಗಳಿಗೆ ಮೊದಲು ಅಪರೂಪ. ನಡಿಗೆಯಲ್ಲಿ ಎರಡು ಮೂರು ಕಾಲು ಸದಾ ನೆಲದ ಮೇಲಿದ್ದು ಭಾರ ಹಂಚಿಹೋಗುತ್ತದೆ. ಟ್ರಾಟ್‌ನಲ್ಲಿ ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಜೋಡಿಯಾಗಿ ಬೀಳುತ್ತವೆ, ನಡುವೆ ಕುದುರೆ ಗಾಳಿಯಲ್ಲಿರುತ್ತದೆ. ಇಳಿಯುವ ಕ್ಷಣ ಒಂದು ಮುಂಗಾಲಿನ ಮೇಲೆ ಹೆಚ್ಚು ಕಡಿಮೆ ಇಡೀ ಮೈತೂಕದಷ್ಟು ಒತ್ತಡ. ನಾಗಾಲೋಟದಲ್ಲಿ ಅದು ಮೈತೂಕದ ಎರಡು ಪಟ್ಟು ದಾಟುತ್ತದೆ, ರಜ್ಜುವಿನ ಒಳಗಿನ ಬಿಸಿ 45 ಡಿಗ್ರಿಯವರೆಗೆ ಏರುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸ್ಕ್ಯಾನ್ ಬೇಕೆಂದು ವೈದ್ಯರು ಹಟ ಹಿಡಿಯುವುದು ಇದಕ್ಕೇ. ದುಡ್ಡು ಉಳಿಸಲು ಬಿಡಬಹುದಾದ ಖರ್ಚು ಇದಲ್ಲ.

ಶುರು ಹೀಗಿರಲಿ: 15 ನಿಮಿಷ ನಡಿಗೆ, ನೇರ ದಾರಿಯಲ್ಲಿ ಒಂದೊಂದು ನಿಮಿಷದ ಎರಡು ಟ್ರಾಟ್, ನಡುವೆ ನಡಿಗೆ, ಕೊನೆಗೆ ಮತ್ತೆ 10 ನಿಮಿಷ ನಡಿಗೆ. ಎರಡು ಮೂರು ದಿನ ಇಷ್ಟೇ. ಕಾಲು ತಣ್ಣಗಿದ್ದರೆ ಇನ್ನೊಂದು ನಿಮಿಷ ಸೇರಿಸಿ. ಸವಾರ ತಾಳಕ್ಕೆ ತಕ್ಕಂತೆ ಎದ್ದು ಕೂರುವಾಗ ಒಂದೇ ಜೋಡಿ ಕಾಲಿನ ಮೇಲೆ ಯಾವತ್ತೂ ಕೂರಬೇಡಿ, ಆಗಾಗ ಬದಲಿಸಿ. ಒಂದು ವಾರದಲ್ಲಿ ಒಂದನ್ನು ಮಾತ್ರ ಹೆಚ್ಚಿಸಿ: ನಿಮಿಷ ಹೆಚ್ಚಿಸಿದ ವಾರ ನೆಲ ಬದಲಾಗಬಾರದು, ನೆಲ ಬದಲಾದ ವಾರ ವೇಗ ಏರಬಾರದು. ಆಗ ಏನಾದರೂ ಕೆಟ್ಟರೆ ಕಾರಣ ಯಾವುದೆಂದು ತಿಳಿಯುತ್ತದೆ.

ದೊಡ್ಡ ವೃತ್ತಗಳು, ನೆಲದ ಮೇಲಿನ ಕಂಬ ದಾಟಿಸುವುದು, ಇಳಿಜಾರು ಇವೆಲ್ಲ ಟ್ರಾಟ್ ಗಟ್ಟಿಯಾದ ಮೇಲೆ. ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ವೇಗದ ಓಟ, ಆರು ತಿಂಗಳ ಆಸುಪಾಸಿಗೆ ಬಂದರೆ ಬೇಗ ಬಂತೆಂದೇ ತಿಳಿಯಿರಿ. ಜಿಗಿತ ಎಲ್ಲಕ್ಕಿಂತ ಕೊನೆಗೆ, ಅದೂ ವೈದ್ಯರು ಬಾಯಿಬಿಟ್ಟು ಹೇಳಿದರೆ ಮಾತ್ರ. ಕೆಲವು ಕುದುರೆಗಳು ಜಿಗಿತಕ್ಕೆ ಮರಳುವುದೇ ಇಲ್ಲ, ಮೆಲು ಸವಾರಿಯಲ್ಲಿ ವರ್ಷಗಟ್ಟಲೆ ಸುಖವಾಗಿರುತ್ತವೆ. ಸ್ಪರ್ಧೆಯ ಕನಸು ಕಂಡ ಮಕ್ಕಳಿಗೆ ಆ ಸಾಧ್ಯತೆಯನ್ನು ಮೊದಲೇ ಹೇಳಿಡಿ. ಕಡೆಯಲ್ಲಿ ಹೇಳುವುದು ಹೆಚ್ಚು ನೋಯಿಸುತ್ತದೆ.

ಒಂದು ಹೆಜ್ಜೆ ಹಿಂದೆ ಇಡಬೇಕಾದ ದಿನ

ಬರುತ್ತದೆ. ಒಂದು ಬೆಳಿಗ್ಗೆ ಕಾಲು ಬೆಚ್ಚಗಿರುತ್ತದೆ, ಅಥವಾ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತವೆ. ಆ ದಿನ ಸವಾರಿ ಇಲ್ಲ. ತಣ್ಣೀರು ಹಾಯಿಸಿ ಅಥವಾ ಬಟ್ಟೆಯ ಮೇಲೆ ಮಂಜುಗಡ್ಡೆ ಇಟ್ಟು 20 ನಿಮಿಷ ತಣಿಸಿ, ಪುಸ್ತಕದಲ್ಲಿ ಬರೆಯಿರಿ, ವೈದ್ಯರಿಗೆ ಫೋನ್ ಮಾಡಿ. ಕಾಲು ತಣ್ಣಗಾದ ಮೇಲೂ ನಿಂತಲ್ಲಿಂದಲೇ ಮುಂದುವರಿಯದೆ ಹಿಂದಿನ ವಾರದ ಕೆಲಸಕ್ಕೆ ಇಳಿಯಿರಿ. ನೋವಿನ ಮಾತ್ರೆ ಕೊಟ್ಟು “ನೋಡೋಣ” ಎಂದು ಹತ್ತಬೇಡಿ.

ಲಾಯದಲ್ಲಿ ನಿಂತೇ ಇದ್ದ ಕುದುರೆಯ ನಾಲ್ಕೂ ಕಾಲು ಸಮನಾಗಿ ಕೊಂಚ ಉಬ್ಬಿ, ಹತ್ತು ನಿಮಿಷ ನಡೆಸಿದರೆ ಇಳಿಯುವುದುಂಟು. ಅದು ನಿಂತು ನಿಂತು ನೀರು ಇಳಿದದ್ದು. ಒಂದೇ ಕಾಲಿನ, ಬಿಸಿಯ, ಮುಟ್ಟಿದರೆ ನೋಯುವ ಊತ ಬೇರೆ ಜಾತಿಯದು. ಈ ವ್ಯತ್ಯಾಸ ತಿಳಿದರೆ ರಾತ್ರಿಯ ಎಷ್ಟೋ ಗಾಬರಿ ತಪ್ಪುತ್ತದೆ.

ಮೈಯಲ್ಲಿ ಕುಂಟು ಕಾಣದೆಯೂ ಕುದುರೆ ನೋವು ಹೇಳುತ್ತದೆ. ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚುವುದು, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಬಾಲ ಬೀಸಿ ಬೀಸಿ ಹೊಡೆಯುವುದು, ಎಂದೂ ಹಟ ಮಾಡದ್ದು ಟ್ರಾಟ್ ಎಂದರೆ ನಿಂತುಬಿಡುವುದು. ಇವನ್ನು ಸೋಮಾರಿತನ ಎಂದು ಚಾಟಿ ಎತ್ತಬೇಡಿ. ಮೊದಲು ಕಾಲು ನೋಡಿ, ಆಮೇಲೆ ಜೀನು, ಆಮೇಲೆ ಬೆನ್ನು.

ಸವಾರರೂ ಚೇತರಿಸಿಕೊಳ್ಳಬೇಕು

ಆರು ತಿಂಗಳು ಜೀನು ಮುಟ್ಟದ ಸವಾರನ ತೊಡೆ, ಸೊಂಟ, ಹೊಟ್ಟೆಯ ಸ್ನಾಯುಗಳು ಸಡಿಲವಾಗಿರುತ್ತವೆ. ದಣಿದ ಸವಾರ ಒಂದು ಬದಿಗೆ ವಾಲುತ್ತಾನೆ. ಆ ವಾಲು ಕುದುರೆಯ ಒಂದು ಬದಿಯ ಕಾಲುಗಳ ಮೇಲೆ ಬೀಳುತ್ತದೆ. ಕುದುರೆ ವಿಶ್ರಾಂತಿಯಲ್ಲಿರುವ ತಿಂಗಳುಗಳಲ್ಲೇ ನೀವು ನಡೆಯಿರಿ, ಒಂಟಿಕಾಲಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿ, ಸಾಧ್ಯವಾದರೆ ಬೇರೆ ಸಾಧು ಕುದುರೆಯ ಮೇಲೆ ವಾರಕ್ಕೊಮ್ಮೆ ಕೂರಿ.

ಗಾಯವಾದ ಹೊತ್ತಿಗೆ ಬೆನ್ನ ಮೇಲಿದ್ದವರ ಮಾತೇ ಬೇರೆ. ಕುದುರೆ ಕುಸಿದದ್ದು ಅವರ ಮೈಗೆ ನೆನಪಿರುತ್ತದೆ. “ನನ್ನಿಂದಲೇ ಆಯ್ತು” ಎಂಬ ಕೊರಗು ಭಯಕ್ಕಿಂತ ಗಟ್ಟಿ. ಅವರನ್ನು ಹತ್ತು ಎಂದು ದೂಡಬೇಡಿ, ಹತ್ತಬೇಡ ಎಂದೂ ತಡೆಯಬೇಡಿ. ಮೊದಲ ದಿನ ಬೇರೆಯವರು ಹಗ್ಗ ಹಿಡಿದು ನಡೆಸಲಿ, ಅವರು ಬರೀ ಕೂರಲಿ. ಎರಡು ನಿಮಿಷಕ್ಕೆ ಇಳಿಯುತ್ತೇನೆ ಎಂದರೆ ಇಳಿಯಲಿ. ನನ್ನ ಮಗ ಹಾಗೆ ಮೂರು ವಾರ ಎರಡೆರಡು ನಿಮಿಷ ಕೂತ. ನಾಲ್ಕನೇ ವಾರ ಒಂದು ದಿನ ತಾನಾಗಿಯೇ ಹಗ್ಗ ಬಿಚ್ಚಲು ಹೇಳಿದ.

ನಿಮಿಷಗಳನ್ನು ಹಂಚಿಕೊಳ್ಳುವುದು

ಎಲ್ಲರೂ ಹತ್ತುವ ಕಾಲ ಬಂದಾಗ ಲೆಕ್ಕ ತಪ್ಪುವುದು ಸುಲಭ. ಯೋಜನೆಯಲ್ಲಿ 30 ನಿಮಿಷ ಎಂದಿದ್ದರೆ ಅದು ಕುದುರೆಯ ಕಾಲಿಗೆ 30 ನಿಮಿಷ, ಪ್ರತಿ ಸವಾರನಿಗೆ 30 ಅಲ್ಲ. ಇಬ್ಬರಿದ್ದರೆ ಹದಿನೈದು ಹದಿನೈದು, ಇಲ್ಲವೇ ದಿನ ಬಿಟ್ಟು ದಿನ. ಎರಡನೆಯ ಸವಾರನಿಗೆ ಯಾವತ್ತೂ ನಡಿಗೆಯ ಪಾಲು ಕೊಡಿ, ಏಕೆಂದರೆ ಅಷ್ಟು ಹೊತ್ತಿಗೆ ಕುದುರೆ ದಣಿದಿರುತ್ತದೆ, ದಣಿದ ಕುದುರೆಯೇ ಎಡವುವುದು. ವಾರದಲ್ಲಿ ಕನಿಷ್ಠ ಒಂದು ದಿನ ಬೆನ್ನ ಮೇಲೆ ಯಾರೂ ಇಲ್ಲದ ದಿನ ಇರಲಿ. ಆ ದಿನವೂ ಹಗ್ಗ ಹಿಡಿದು ನಡೆಸಿ. ವಾರವಿಡೀ ಸುಮ್ಮನಿದ್ದು ರಜೆಯ ದಿನ ಒಂದೂವರೆ ಗಂಟೆ ಸವಾರಿ ಮಾಡುವ ಪದ್ಧತಿಯಂತೂ ಈ ಕಾಲಿಗೆ ಒಗ್ಗುವುದಿಲ್ಲ. ಬಿಡುವಿಲ್ಲದ ಮನೆಯಾದರೆ ಯಾರು ಯಾವ ದಿನ ಎಂಬ ಪಟ್ಟಿ ಹಾಕಿಕೊಂಡು ದಿನಕ್ಕೆ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಿ.

ಇಳಿದ ಮೇಲೆ ಹೊಟ್ಟೆಪಟ್ಟಿ ಸಡಿಲಿಸಿ ಐದು ಹತ್ತು ನಿಮಿಷ ಪಕ್ಕದಲ್ಲಿ ನಡೆಸಿ, ಗಾಯದ ಕಾಲಿಗೆ ತಣ್ಣೀರು ಹಾಯಿಸಿ, ಒರೆಸಿ. ಸಂಜೆ ಒಮ್ಮೆ ಮುಟ್ಟಿ ನೋಡಿ. ಇವತ್ತಿನ ಸವಾರಿ ಹೇಗಿತ್ತು ಎಂಬ ಉತ್ತರ ಇವತ್ತು ಸಿಗುವುದಿಲ್ಲ, ನಾಳೆ ಬೆಳಿಗ್ಗೆ ಕಾಲು ಮುಟ್ಟಿದಾಗ ಸಿಗುತ್ತದೆ. ಗಾಯವಾಗಿ ಎರಡನೇ ವರ್ಷ ನಡೆಯುತ್ತಿದೆ. ಈಗಲೂ ನಮ್ಮ ಮನೆಯಲ್ಲಿ ಕಾಲು ಮುಟ್ಟಿ ನೋಡಿ, ಪುಸ್ತಕದಲ್ಲಿ ಆ ಒಂದು ಸಾಲು ಬರೆದವರಿಗೇ ಅವತ್ತಿನ ಮೊದಲ ಸವಾರಿ.